ಬ್ಯಾಟರಿ ಕುಗ್ಗಿದರೆ ಊರೂ ಕುಗ್ಗುತ್ತೆ

ಎಲೆಕ್ಟ್ರಿಕ್ ವೀಲ್‌ಚೇರ್ ಕೊಳ್ಳುವಾಗ ಮನೆಮಂದಿಯೆಲ್ಲ ಸೀಟು ನೋಡ್ತೀವಿ, ಚಕ್ರ ನೋಡ್ತೀವಿ, ಬೆಲೆಗೆ ಚೌಕಾಸಿ ಮಾಡ್ತೀವಿ. ಸೀಟಿನ ಕೆಳಗೆ ಕೂತಿರೋ ಬ್ಯಾಟರಿ ಬಗ್ಗೆ ಹೆಚ್ಚು ಜನ ಕೇಳೋದೇ ಇಲ್ಲ. ಆದರೆ ಒಂದೆರಡು ವರ್ಷ ಕಳೆದ ಮೇಲೆ, ಆ ಕುರ್ಚಿಯಲ್ಲಿ ಕೂತವರು ಎಷ್ಟು ದೂರ ಹೋಗಬಹುದು, ಯಾರನ್ನೂ ಕರೆಯದೆ ವಾಪಸ್ ಬರಬಹುದಾ ಅನ್ನೋದನ್ನ ನಿರ್ಧಾರ ಮಾಡೋದು ಅದೇ ಬ್ಯಾಟರಿ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ. ಊರು ಚಿಕ್ಕೋಡಿ ತಾಲ್ಲೂಕಿನ ಯಡೂರು, ಕೃಷ್ಣಾ ನದಿ ದಂಡೆ. ವೀರಭದ್ರ ದೇವರ ಗುಡಿಯಿಂದಾಗಿ ಹೆಸರು ಕೇಳಿರ್ತೀರಿ. ನಮ್ಮ ಕಾಕಾ ಕಬ್ಬು ಹೇರಿದ ಟ್ರೇಲರ್ ಮೇಲಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದವರು. ಅವರಿಗೆ 2017ರಲ್ಲಿ ಎಲೆಕ್ಟ್ರಿಕ್ ವೀಲ್‌ಚೇರ್ ಬಂತು. ಅಲ್ಲಿಂದ ಈವರೆಗೆ ಆ ಬ್ಯಾಟರಿಗಳ ಜೊತೆ ನಾವು ಪಟ್ಟ ಪಾಡು, ಅದರಿಂದ ಕಲಿತ ಲೆಕ್ಕ ಇಲ್ಲಿದೆ. ನಿಮ್ಮ ಮನೆಯಲ್ಲಿ ಅಜ್ಜಿಗೋ ಅಪ್ಪನಿಗೋ ಇಂಥ ಕುರ್ಚಿ ಇದ್ದರೆ, ಅಥವಾ ತರೋ ವಿಚಾರ ಇದ್ದರೆ, ಉಪಯೋಗಕ್ಕೆ ಬರಬಹುದು.

ಮೊದಲು ಹೊಳಿ ದಂಡಿ, ಆಮೇಲೆ ಗುಡಿ

ಕುರ್ಚಿ ಹೊಸದಿದ್ದಾಗ ಕಾಕಾನ ದಿನಚರಿ ಗಟ್ಟಿಯಾಗಿತ್ತು. ಬೆಳಿಗ್ಗೆ ಗುಡಿ, ಅಲ್ಲಿಂದ ಚಹಾದಂಗಡಿ, ಸಂಜೆ ಕಲ್ಲೋಳ ಸೇತುವೆ ಕಡೆ ಹೊಳಿ ನೋಡಿಕೊಂಡು ಬರೋದು. 2021ರ ಮಳೆಗಾಲ ಮುಗಿಯೋ ಹೊತ್ತಿಗೆ ಕುರ್ಚಿ ನಡುವೆ ನಡುವೆ ನಿಲ್ಲೋಕೆ ಶುರುವಾಯ್ತು. ಕಾಕಾ ಯಾರಿಗೂ ಏನೂ ಹೇಳಲಿಲ್ಲ. ಮೊದಲು ಹೊಳಿ ದಂಡಿ ಬಿಟ್ಟರು. "ಸಂಜೀಕ ಥಂಡಿ ಆಗತೈತಿ" ಅಂದ್ರು. ಆಮೇಲೆ ಚಹಾದಂಗಡಿ ಬಿಟ್ಟರು. ಒಂದು ಅಮಾವಾಸ್ಯೆ ದಿನ ಗುಡಿ ಹಾದಿಯ ಏರಿನಲ್ಲಿ ಕುರ್ಚಿ ನಿಂತೇಬಿಡ್ತು. ಜಾತ್ರೆಯಂಥ ಜನ. ನಾಲ್ಕು ಮಂದಿ ಬಂದು ಕುರ್ಚಿ ಸಮೇತ ಎತ್ತಿ ಮನೆ ಮುಟ್ಟಿಸಿದರು. ಅದಾದ ಮೇಲೆ ಅವರ ಓಡಾಟ ಅಂಗಳಕ್ಕೆ ಮುಗೀತು.

ದೀಪಾವಳಿಗೆ ಊರಿಗೆ ಹೋದಾಗ ಕೇಳಿದೆ. ಕಾಕಾ ಅಂದ್ರು: "ಅವರು ಛಲೋ ಮನಸ್ಸಿಲೆನ ಎತ್ತಿದ್ರು ತಮ್ಮಾ. ಆದ್ರ ಒಬ್ಬಾರೂ ನನ್ನ ಕೇಳಲಿಲ್ಲ."

ಮಾರಿದ ಅಂಗಡಿಗೆ ಫೋನ್ ಮಾಡಿದರೆ, ಕುರ್ಚಿ ನೋಡದೆಯೇ ಉತ್ತರ ಬಂತು: ಬ್ಯಾಟರಿ ಹೋಗಿದೆ, ಎರಡೂ ಬದಲಾಯಿಸಿ. ಅವರು ಹೇಳಿದ ಬೆಲೆ ಕಾಕಾನ ಒಂದು ವರ್ಷದ ಪಿಂಚಣಿಗೆ ಹತ್ತಿರ ಇತ್ತು. ದುಡ್ಡು ಕೊಡೋ ಮೊದಲು ಅಳೆದು ನೋಡೋಣ ಅಂದೆ. ಅಳೆದಾಗ ಸಿಕ್ಕಿದ್ದೇ ಬೇರೆ. ಅದನ್ನ ಹೇಳೋಕೆ ಮುಂಚೆ ಬ್ಯಾಟರಿ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ನೋಡೋಣ.

ಸೀಟಿನ ಕೆಳಗೆ ಏನಿದೆ?

ಬಹಳಷ್ಟು ಪವರ್ ವೀಲ್‌ಚೇರ್‌ಗಳು 24 ವೋಲ್ಟ್‌ನಲ್ಲಿ ಓಡುತ್ತವೆ. ಭಾರದ ಕುರ್ಚಿಗಳಲ್ಲಿ 12 ವೋಲ್ಟ್‌ನ ಎರಡು ಸೀಸದ ಬ್ಯಾಟರಿಗಳನ್ನ ಒಂದರ ಹಿಂದೆ ಒಂದು ಜೋಡಿಸಿರ್ತಾರೆ. ಇವು ಪೂರ್ತಿ ಮುಚ್ಚಿದ ಬ್ಯಾಟರಿಗಳು, ಒಳಗೆ ಜೆಲ್ ಇರುತ್ತೆ ಅಥವಾ ಆಸಿಡ್ ಹೀರಿಕೊಂಡ ಗಾಜಿನ ನಾರಿನ ಹಾಳೆ ಇರುತ್ತೆ. ಮಡಚೋ ಹಗುರ ಕುರ್ಚಿಗಳಲ್ಲಿ ಸಾಮಾನ್ಯವಾಗಿ ಲಿಥಿಯಂ ಬ್ಯಾಟರಿ. ನಿಮ್ಮದು ಯಾವುದು ಅಂತ ಗೊತ್ತಿಲ್ಲದಿದ್ದರೆ ಲೇಬಲ್ ಓದಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಎಲ್ಲ ತೀರ್ಮಾನಕ್ಕೂ ಅದೇ ಆಧಾರ.

ಸೀಸದ ಬ್ಯಾಟರಿ ಹಳೇ ಕಾಲದ್ದು. ಫ್ರಾನ್ಸ್‌ನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ್ದು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗಾಗಿ ಕೆನಡಾದ ಜಾರ್ಜ್ ಕ್ಲೈನ್ ಎಲೆಕ್ಟ್ರಿಕ್ ವೀಲ್‌ಚೇರ್ ರೂಪಿಸಿದರು. ಲಿಥಿಯಂ-ಅಯಾನ್ ಬ್ಯಾಟರಿಗೆ ಅಡಿಪಾಯ ಹಾಕಿದ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂದಿದ್ದು 2019ರಲ್ಲಿ.

ಲೆಕ್ಕಕ್ಕೆ ಹೇಳ್ತೀನಿ. ನಿಮ್ಮ ಕೈಯಲ್ಲಿರೋ ಫೋನಿನ 5,000 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 19 ವಾಟ್-ಅವರ್. ಕಾಕಾನ ಕುರ್ಚಿಯದು 24 ವೋಲ್ಟ್, 35 ಆಂಪಿಯರ್-ಅವರ್. ಗುಣಿಸಿದರೆ 840 ವಾಟ್-ಅವರ್. ಹೆಚ್ಚು ಕಡಿಮೆ 44 ಫೋನ್ ಸಮ. ಇಷ್ಟು ಶಕ್ತಿ ಇರೋದರಿಂದಲೇ ಅದನ್ನ ಮುಟ್ಟುವಾಗ ಸ್ವಲ್ಪ ಹುಷಾರೂ ಬೇಕು.

ಖಾಲಿ ಇಟ್ಟರೆ ಸಾಯುತ್ತೆ

ಸೀಸದ ಬ್ಯಾಟರಿ ಖರ್ಚಾಗ್ತಾ ಹೋದಂತೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಮೊದಲಿನಂತೆ ಆಗುತ್ತೆ. ಹಾಗೇ ಬಿಟ್ಟರೆ ಗಟ್ಟಿ ಹರಳಾಗಿ ಅಂಟಿಕೊಳ್ಳುತ್ತೆ. ಆಮೇಲೆ ಚಾರ್ಜ್ ಮಾಡಿದರೂ ಪೂರ್ತಿ ಬಿಡಲ್ಲ. ಹರಳು ಕೂತಷ್ಟು ಜಾಗ ಕೆಲಸಕ್ಕೆ ಬಾರದಂತಾಗುತ್ತೆ, ಅಷ್ಟು ಕಿಲೋಮೀಟರ್ ಕಡಿಮೆಯಾಗುತ್ತೆ.

ಅದಕ್ಕೇ ನಿಯಮ ಒಂದೇ: ಇವತ್ತು ಓಡಿಸಿದ್ದನ್ನ ಇವತ್ತು ರಾತ್ರಿಯೇ ತುಂಬಿಸಿ. ಓಡಿಸಿದ್ದು ಅರ್ಧ ಕಿಲೋಮೀಟರ್ ಆದರೂ ಸರಿ. "ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಮಾಡ್ಬೇಕು, ಇಲ್ಲಾಂದ್ರೆ ಬ್ಯಾಟರಿ ಹಾಳಾಗುತ್ತೆ" ಅಂತ ಎಲ್ಲರ ಮನೆಯಲ್ಲೂ ಒಬ್ಬರು ಹೇಳ್ತಾರೆ. ಅದು ಹಳೇ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಸೀಸದ ಬ್ಯಾಟರಿಗೆ ಪೂರ್ತಿ ಖಾಲಿಯಾಗೋದೇ ದೊಡ್ಡ ಪೆಟ್ಟು. ಲಿಥಿಯಂಗೂ ಅದರಿಂದ ಏನೂ ಲಾಭ ಇಲ್ಲ.

ಚಾರ್ಜ್ ಅವಧಿಯೂ ಮುಖ್ಯ. ಸೀಸದ ಬ್ಯಾಟರಿ ಮೊದಲ ಕೆಲವು ಗಂಟೆಯಲ್ಲಿ ಸುಮಾರು ಶೇ 80 ತುಂಬುತ್ತೆ. ಉಳಿದ ಶೇ 20 ಬಹಳ ನಿಧಾನ. ಆ ಕೊನೆಯ ಭಾಗ ತಪ್ಪಿಸಿದರೆ ಪ್ರತಿದಿನ ಸ್ವಲ್ಪ ಸ್ವಲ್ಪ ಸಲ್ಫೇಟ್ ಉಳಿದುಬಿಡುತ್ತೆ. ನಮ್ಮೂರಿನಲ್ಲಿ ರಾತ್ರಿ ಕರೆಂಟ್ ಹೋಗಿ ಬಂದು ಮಾಡುತ್ತೆ. ಆದ್ದರಿಂದ ಕಾಕು ರಾತ್ರಿ ಊಟದ ಹೊತ್ತಿಗೇ ಚಾರ್ಜಿಗೆ ಹಾಕ್ತಾರೆ, ಬೆಳಿಗ್ಗೆ ಹಸಿರು ದೀಪ ನೋಡದೆ ಪ್ಲಗ್ ಕೀಳಲ್ಲ. ರಾತ್ರಿ ಕರೆಂಟ್ ತುಂಬಾ ಹೊತ್ತು ಹೋಗಿದ್ದರೆ ಮಧ್ಯಾಹ್ನ ಕಾಕಾ ಮಲಗಿದಾಗ ಬಾಕಿ ತುಂಬಿಸ್ತಾರೆ.

ಇನ್ನೊಂದು ಶತ್ರು ಬಿಸಿಲು. ಸೀಸದ ಬ್ಯಾಟರಿಯ ಉಷ್ಣತೆ ಸದಾ 8ರಿಂದ 10 ಡಿಗ್ರಿ ಹೆಚ್ಚಿದ್ದರೆ ಆಯಸ್ಸು ಅರ್ಧ ಆಗುತ್ತೆ ಅನ್ನೋದು ಎಂಜಿನಿಯರ್‌ಗಳು ಬಳಸೋ ಅಂದಾಜು. ಏಪ್ರಿಲ್ ಬಿಸಿಲಲ್ಲಿ ಪತ್ರಾಸಿನ ಕೆಳಗೆ ಕುರ್ಚಿ ನಿಲ್ಲಿಸೋದನ್ನ ಬಿಟ್ಟು, ಒಳಗಿನ ಪಡಸಾಲೆಗೆ ಜಾಗ ಮಾಡಿದೆವು. ಇದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ.

ಹೊಳಿ ಬಂದಾಗ

2019ರ ಆಗಸ್ಟ್‌ನ ಕೃಷ್ಣಾ ಪ್ರವಾಹ ನಮ್ಮ ಭಾಗದವರು ಯಾರೂ ಮರೆಯಲ್ಲ. ಕಾಕಾನನ್ನ ಟ್ರ್ಯಾಕ್ಟರ್‌ನಲ್ಲಿ ಕೂಡಿಸಿ ಚಿಕ್ಕೋಡಿಯ ನೆಂಟರ ಮನೆಗೆ ಕಳಿಸಿದರು. ಕುರ್ಚಿಗೆ ಟ್ರ್ಯಾಕ್ಟರ್‌ನಲ್ಲಿ ಜಾಗ ಇರಲಿಲ್ಲ. ಪಕ್ಕದವರ ಆರ್‌ಸಿಸಿ ಮನೆಯ ಮಾಳಿಗೆ ಮೇಲೆ ಇಟ್ಟರು. ನೀರು ಅದನ್ನ ಮುಟ್ಟಲಿಲ್ಲ. ಆದರೂ ಐದು ವಾರ ಕಳೆದು ವಾಪಸ್ ಬಂದಾಗ ಚಾರ್ಜರ್ ದೀಪವೇ ಹತ್ತಲಿಲ್ಲ.

ಚಾರ್ಜರ್ ಸರಿಯಾಗೇ ಇತ್ತು. ಬ್ಯಾಟರಿ ಒಂದು 7.9 ವೋಲ್ಟ್‌ಗೆ, ಇನ್ನೊಂದು 9.1ಕ್ಕೆ ಇಳಿದಿತ್ತು. ವೋಲ್ಟೇಜ್ ಅಷ್ಟು ಇಳಿದರೆ ಈಗಿನ ಎಷ್ಟೋ ಚಾರ್ಜರ್‌ಗಳು ಬ್ಯಾಟರಿ ಇದೆ ಅಂತಲೇ ಗುರುತಿಸಲ್ಲ. ಸ್ವಿಚ್ ಆಫ್ ಮಾಡಿದ್ದರೂ ಕುರ್ಚಿಯ ಕಂಟ್ರೋಲರ್ ಚೂರು ಚೂರು ಕರೆಂಟ್ ಎಳೀತಾನೇ ಇರುತ್ತೆ, ಬ್ಯಾಟರಿ ತಾನಾಗಿಯೂ ಇಳಿಯುತ್ತೆ. ಖಾಲಿ ಸ್ಥಿತಿಯಲ್ಲೇ ವಾರಗಟ್ಟಲೆ ಕೂತರೆ ಹರಳು ಗಟ್ಟಿಯಾಗದೆ ಏನಾಗುತ್ತೆ? ಆ ಜೋಡಿ ಉಳಿಯಲಿಲ್ಲ.

ಈಗ ಜೂನ್ ಬಂದರೆ ನಮ್ಮನೆಯಲ್ಲಿ ಒಂದು ಪದ್ಧತಿ ಇದೆ. ಮೇಲಿನಿಂದ ನೀರು ಬಿಡ್ತಾರೆ ಅನ್ನೋ ಸುದ್ದಿ ಬಂದ ಕೂಡಲೇ ಕುರ್ಚಿ ಪೂರ್ತಿ ಚಾರ್ಜ್. ಹೊರಡೋ ಮುಂಚೆ ಬ್ಯಾಟರಿಯ ಪ್ಲಗ್ ಬಿಚ್ಚಿಡೋದು. ಚಾರ್ಜರ್ ಕಾಕಾನ ಬಟ್ಟೆ ಚೀಲದಲ್ಲಿ. ಪೂರ್ತಿ ತುಂಬಿ ಪ್ಲಗ್ ಬಿಚ್ಚಿದ ಒಳ್ಳೇ ಸೀಸದ ಬ್ಯಾಟರಿ ಒಂದೆರಡು ತಿಂಗಳು ಆರಾಮಾಗಿ ತಡೆಯುತ್ತೆ. ನೀವು ಅಮ್ಮನನ್ನ ಕರ್ಕೊಂಡು ಎರಡು ತಿಂಗಳು ಬೆಂಗಳೂರಿಗೆ ಬರೋದಿದ್ದರೂ ಊರಲ್ಲಿ ಉಳಿಯೋ ಕುರ್ಚಿಗೆ ಇದೇ ಕ್ರಮ. ಲಿಥಿಯಂ ಆಗಿದ್ದರೆ ಅರ್ಧ ಚಾರ್ಜ್‌ನಲ್ಲಿ, ತಂಪಾದ ಜಾಗದಲ್ಲಿ ಇಡಿ.

ಪ್ರವಾಹದ ನೀರು ಒಳಗೆ ಹೊಕ್ಕಿದ್ದರೆ ಒಣಗಿಸಿ ಚಾರ್ಜಿಗೆ ಹಾಕೋ ಧೈರ್ಯ ಮಾಡಬೇಡಿ. ಅದರಲ್ಲೂ ನೀರಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿಯನ್ನ ಮನೆಯೊಳಗೇ ಇಡಬೇಡಿ. ದಿನಗಳು ಕಳೆದ ಮೇಲೂ ಬೆಂಕಿ ಹತ್ತಬಹುದು.

ಕುರ್ಚಿ ನಿಂತರೆ ಯಾವ ಕ್ರಮದಲ್ಲಿ ನೋಡೋದು?

ಕೋಡ್‌ನಲ್ಲಿ ಬಗ್ ಹುಡುಕುವಾಗ ಸುಲಭದ್ದನ್ನ ಮೊದಲು ತಳ್ಳಿಹಾಕ್ತೀವಿ ಅಲ್ವಾ, ಇಲ್ಲೂ ಹಾಗೇ.

1. ಮೋಟಾರಿನ ಲಿವರ್ ನೋಡಿ. ಕೈಯಿಂದ ತಳ್ಳೋಕೆ ಅನುಕೂಲ ಆಗ್ಲಿ ಅಂತ ಚಕ್ರ ಬಿಡಿಸೋ ಲಿವರ್ ಇರುತ್ತೆ. ಯಾರೋ ತಳ್ಳಿ, ವಾಪಸ್ ಹಾಕೋದು ಮರೆತಿರ್ತಾರೆ. ಚಾರ್ಜರ್ ಚುಚ್ಚಿದ್ದಾಗಲೂ ಬಹಳಷ್ಟು ಕುರ್ಚಿ ಓಡಲ್ಲ.

2. ಟೈರ್ ಗಾಳಿ ನೋಡಿ. ಗಾಳಿ ಕಡಿಮೆ ಇದ್ದರೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತೆ, ಬ್ಯಾಟರಿ ಬೇಗ ಇಳಿಯುತ್ತೆ. ಬೈಯಿಸಿಕೊಳ್ಳೋದು ಬ್ಯಾಟರಿ.

3. ಜಾಯ್‌ಸ್ಟಿಕ್ ದೀಪ ಎಷ್ಟು ಸಲ ಮಿಣುಕುತ್ತೆ ಎಣಿಸಿ. ಅದು ಕಂಟ್ರೋಲರ್ ಕೊಡೋ ಎರರ್ ಕೋಡ್. ಅರ್ಥ ಕೈಪಿಡಿಯಲ್ಲಿರುತ್ತೆ. ಒಂದು ವಿಡಿಯೋ ತೆಗೆದಿಟ್ಟುಕೊಂಡರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಕಡಿಮೆ.

4. ಬ್ಯಾಟರಿಗಳನ್ನ ಬೇರೆ ಬೇರೆ ಅಳೆಯಿರಿ. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಇಡಿ. 12 ವೋಲ್ಟ್‌ನ ಸೀಸದ ಬ್ಯಾಟರಿ 12.7 ಅಥವಾ 12.8 ತೋರಿಸಿದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 11.8ಕ್ಕೆ ಬಂದರೆ ಖಾಲಿ ಅಂತಲೇ ತಿಳಿಯಿರಿ. ಎರಡರ ನಡುವೆ ಅರ್ಧ ವೋಲ್ಟ್ ವ್ಯತ್ಯಾಸ ಇದ್ದರೆ ಕಡಿಮೆ ಇರೋದರ ಮೇಲೆ ಅನುಮಾನ ಪಡಿ. ಲಿಥಿಯಂಗೆ ಈ ಅಂಕಿ ಹೊಂದಲ್ಲ. ಅದರಲ್ಲಿ ಕೆಲವು ಬಗೆ ಖಾಲಿಯಾಗೋವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ತೋರಿಸ್ತಾವೆ.

5. ಭಾರ ಹಾಕಿ ಅಳೆಯಿರಿ. ಸುಮ್ಮನೆ ನಿಂತಾಗ ಸತ್ತ ಬ್ಯಾಟರಿಯೂ 12.7 ತೋರಿಸಬಹುದು. ಕುರ್ಚಿ ಇಳಿಜಾರು ಹತ್ತುವಾಗ ಅದೇ ಬ್ಯಾಟರಿ 10.5ಕ್ಕಿಂತ ಕೆಳಗೆ ಬಿದ್ದರೆ ಅದರ ಕಥೆ ಮುಗಿದಂತೆ.

6. ಚಾರ್ಜರ್ ಗಮನಿಸಿ. ರಾತ್ರಿಯಿಡೀ ಇಟ್ಟರೂ ಹಸಿರು ಬರದಿದ್ದರೆ ಯಾವುದೋ ಒಂದು ಸೆಲ್ ಕೆಟ್ಟಿರಬಹುದು. ದಿನವಿಡೀ ಓಡಿಸಿ ಬಂದರೂ ಒಂದೇ ಗಂಟೆಯಲ್ಲಿ ಹಸಿರು ಬಂದರೆ ಅದು ಖುಷಿ ಪಡೋ ವಿಷಯ ಅಲ್ಲ, ಬ್ಯಾಟರಿಯಲ್ಲಿ ತುಂಬಿಸಿಕೊಳ್ಳೋ ಜಾಗವೇ ಉಳಿದಿಲ್ಲ ಅಂತ.

ಕಾಕಾನ ಕುರ್ಚಿಯಲ್ಲಿ ಐದನೇ ಪರೀಕ್ಷೆ ಗುಟ್ಟು ಬಿಡಿಸ್ತು. ಅಂಕಲಿಯಲ್ಲಿ ಇನ್ವರ್ಟರ್ ರಿಪೇರಿ ಮಾಡೋ ಹುಡುಗ ಮೀಟರ್ ತಗೊಂಡು ಬಂದ. ಕಾಕಾ ಕುರ್ಚಿಯಲ್ಲೇ ಕೂತು ಬಾಗಿಲ ಮುಂದಿನ ಇಳಿಜಾರು ಹತ್ತಿಸಿದರು. ನಿಂತಾಗ ಎರಡೂ ಸೇರಿ 25.3 ವೋಲ್ಟ್. ಹತ್ತುವಾಗ ಬ್ಯಾಟರಿಯ ತುದಿಯಲ್ಲಿ 24.2 ಉಳೀತು. ಅಂದರೆ ಬ್ಯಾಟರಿ ಗಟ್ಟಿ ಇದೆ. ಆದರೆ ಪ್ಲಗ್‌ನ ಆಚೆ, ಕಂಟ್ರೋಲರ್ ಕಡೆ ಇಟ್ಟರೆ 20.9. ಮೂರು ವೋಲ್ಟ್‌ಗೂ ಹೆಚ್ಚು ನಡುವೆಯೇ ಮಾಯ. ಪ್ಲಗ್ ಬಿಚ್ಚಿದರೆ ಒಳಗಿನ ತಾಮ್ರದ ಪಿನ್ ಹಸಿರುಗಟ್ಟಿತ್ತು, ಒಂದು ಕಡೆ ಪ್ಲಾಸ್ಟಿಕ್ ಕಂದಿತ್ತು. ಹೊಳಿ ದಂಡೆ ಥಂಡಿ, ಮಳೆಗಾಲದ ರಾಡಿ, ಎರಡೂ ಸೇರಿ ಮಾಡಿದ ಕೆಲಸ. ವೋಲ್ಟೇಜ್ ಕುಸಿದದ್ದು ನೋಡಿ ಕಂಟ್ರೋಲರ್ ಬ್ಯಾಟರಿ ಖಾಲಿ ಅಂದುಕೊಂಡು ನಿಲ್ಲಿಸ್ತಿತ್ತು.

ಒಂದು ಹೊಸ ಪ್ಲಗ್, ಎರಡು ಲಗ್, ಅರ್ಧ ದಿನದ ಕೆಲಸ. ಅದೇ ಬ್ಯಾಟರಿ ಜೋಡಿ ಮುಂದೆ ಒಂದು ವರ್ಷಕ್ಕೂ ಹೆಚ್ಚು ಓಡ್ತು. ಮರುದಿನ ಬೆಳಿಗ್ಗೆ ಕಾಕಾ ಗುಡಿಗೆ ಹೋಗಿ ಬಂದರು. ಮಧ್ಯಾಹ್ನ ಚಹಾದಂಗಡಿ. ಹೊಳಿ ದಂಡೆಗೆ ಹೋಗೋಕೆ ಮಾತ್ರ ಮೂರು ವಾರ ತಗೊಂಡರು. ನಡುದಾರಿಯಲ್ಲಿ ನಿಂತ ಕುರ್ಚಿಯ ಮೇಲೆ ಮತ್ತೆ ನಂಬಿಕೆ ಬರೋಕೆ ಪ್ಲಗ್ ಬದಲಾಯಿಸಿದಷ್ಟು ಬೇಗ ಆಗಲ್ಲ.

ಇವನ್ನ ಮಾಡಲೇಬೇಡಿ

ಮುಚ್ಚಿದ ಸೀಸದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋಕೆ ಹೋಗಬೇಡಿ. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿ ರೂಢಿಯಾದವರು ಇದರ ಮುಚ್ಚಳವನ್ನೂ ಸ್ಕ್ರೂಡ್ರೈವರ್‌ನಿಂದ ಎಬ್ಬಿಸ್ತಾರೆ. ಅಲ್ಲಿಗೆ ಅದು ಕೆಟ್ಟಂತೆ.

ಟ್ರ್ಯಾಕ್ಟರ್ ಬ್ಯಾಟರಿ ಹಾಕಿದರೂ ನಡೆಯುತ್ತೆ ಅನ್ನೋರ ಮಾತು ಕೇಳಬೇಡಿ. ಅದು ಎಂಜಿನ್ ಶುರು ಮಾಡೋಕೆ ಒಂದು ಕ್ಷಣ ಜೋರಾಗಿ ಕರೆಂಟ್ ಕೊಡೋ ಬ್ಯಾಟರಿ. ವೀಲ್‌ಚೇರ್‌ಗೆ ಗಂಟೆಗಟ್ಟಲೆ ನಿಧಾನಕ್ಕೆ ಕೊಡೋ ಡೀಪ್ ಸೈಕಲ್ ಬ್ಯಾಟರಿ ಬೇಕು. ಜೊತೆಗೆ ಆಸಿಡ್ ಚೆಲ್ಲೋ ಅಪಾಯ ಬೇರೆ, ಅದೂ ಕಾಲಿಗೆ ಸ್ಪರ್ಶ ಗೊತ್ತಾಗದವರ ಕುರ್ಚಿಯಲ್ಲಿ.

ಎರಡರಲ್ಲಿ ಒಂದನ್ನೇ ಬದಲಾಯಿಸಬೇಡಿ. ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತೆ.

ಸೀಸದ ಬ್ಯಾಟರಿ ಚಾರ್ಜರ್ ಲಿಥಿಯಂಗೆ, ಅದರದ್ದು ಇದಕ್ಕೆ ಹಾಕಬೇಡಿ. ಪ್ಲಗ್ ಕೂತಿತು ಅಂದ ಮಾತ್ರಕ್ಕೆ ಹೊಂದುತ್ತೆ ಅಂತಲ್ಲ. ಉಬ್ಬಿದ ಲಿಥಿಯಂ ಪ್ಯಾಕ್ ಬಿಚ್ಚಬೇಡಿ.

ಟರ್ಮಿನಲ್ ಬಿಗಿ ಮಾಡುವಾಗ ಕೈಯ ಉಂಗುರ, ಬಳೆ ತೆಗೆದಿಡಿ. ಸ್ಪ್ಯಾನರ್ ಎರಡೂ ಟರ್ಮಿನಲ್ ಮುಟ್ಟಿದರೆ ಕೆಂಪಗೆ ಕಾಯುತ್ತೆ. ಚಾರ್ಜ್ ಮಾಡೋ ಜಾಗದಲ್ಲಿ ಗಾಳಿ ಆಡಲಿ, ದೇವರ ದೀಪ ಅಥವಾ ಒಲೆ ಪಕ್ಕದಲ್ಲಿ ಬೇಡ.

ಕಾಕಾನ ಡೈರಿ

ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲಿ ಎಷ್ಟು ದಿನ ನೋಡಿಕೊಳ್ಳೋದು? ನಾನೊಂದು ಸ್ಪ್ರೆಡ್‌ಶೀಟ್ ಮಾಡಿಕೊಡ್ತೀನಿ ಅಂದೆ. ಕಾಕಾ ನಕ್ಕು, ಸಕ್ಕರೆ ಕಾರ್ಖಾನೆಯವರು ಕೊಟ್ಟ ಹಳೇ ಡೈರಿ ತೆಗೆದರು. ಅದರಲ್ಲಿ ದಿನಕ್ಕೆ ಒಂದು ಸಾಲು: ಎಷ್ಟೊತ್ತಿಗೆ ಚಾರ್ಜಿಗೆ ಹಾಕಿದ್ದು, ಹಸಿರು ಎಷ್ಟೊತ್ತಿಗೆ ಬಂತು, ಎಲ್ಲೆಲ್ಲಿಗೆ ಹೋಗಿದ್ದು, ವಾಪಸ್ ಬಂದಾಗ ಗೇಜ್‌ನಲ್ಲಿ ಎಷ್ಟು ದೀಪ. ತಿಂಗಳ ಮೊದಲ ದಿನ ಎರಡೂ ಬ್ಯಾಟರಿ ವೋಲ್ಟೇಜ್. ಮೀಟರ್ ಹಿಡಿಯೋದು ಕಾಕು, ಓದಿ ಬರೆಯೋದು ಕಾಕಾ.

2022ರ ಕೊನೆಗೆ ಫೋನ್ ಮಾಡಿ ಅವರೇ ಅಂದ್ರು: "ತಮ್ಮಾ, ಗುಡಿಗೆ ಹೋಗಿ ಬಂದ್ರ ಮೊದಲ ನಾಕು ದೀಪ ಉಳೀತಿದ್ದುವು, ಈಗ ಎರಡ. ಹಸಿರು ಲಗೂನ ಬರತೈತಿ. ಈ ಜೋಡಿದು ವಯಸ್ಸಾತು ಕಾಣ್ತೈತಿ." ಅವರ ಅಂದಾಜು ಸರಿಯಾಗಿತ್ತು. ಸೀಸದ ಬ್ಯಾಟರಿ ದಿನಾ ಓಡಿಸಿದರೆ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷ ಬರುತ್ತೆ, ಇದು ಮೂರು ದಾಟಿತ್ತು. ಮೂರು ತಿಂಗಳು ಮೊದಲೇ ಗೊತ್ತಾದ್ದರಿಂದ ದುಡ್ಡು ಕೂಡಿಸಿ, ನಾಲ್ಕು ಕಡೆ ಬೆಲೆ ಕೇಳಿ, ತಯಾರಾದ ತಿಂಗಳ ಮುದ್ರೆ ನೋಡಿ ಕೊಂಡೆವು. ಆ ಸಲ ಕುರ್ಚಿ ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. ಹಳೇ ಜೋಡಿಯನ್ನ ಅಂಗಡಿಯವರೇ ಬೆಲೆ ಕಟ್ಟಿ ತಗೊಂಡರು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳೋ ಹೊಣೆ ತಯಾರಕರದ್ದು. ತಿಪ್ಪೆಗೆ ಎಸೆದರೆ ಸೀಸ ಮಣ್ಣಿಗೆ, ಅಲ್ಲಿಂದ ಬಾವಿಗೆ.

ಸರ್ಕಾರದ ಅಡಿಪ್ ಯೋಜನೆಯಲ್ಲಿ, ಕಾನ್ಪುರದ ಅಲಿಮ್ಕೊ ಸಂಸ್ಥೆಯ ಮೂಲಕ ಬ್ಯಾಟರಿ ಚಾಲಿತ ತ್ರಿಚಕ್ರ ಪಡೆದವರೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಮೇಲೆ ಹೇಳಿದ್ದೆಲ್ಲ ಆ ಗಾಡಿಗೂ ಅನ್ವಯಿಸುತ್ತೆ. ಪಡೆಯುವಾಗ ಬ್ಯಾಟರಿ ವಾರಂಟಿ ಎಷ್ಟು, ಹತ್ತಿರದ ಸರ್ವಿಸ್ ಎಲ್ಲಿ ಅಂತ ಬರೆಸಿಕೊಳ್ಳಿ. ಅರ್ಜಿ ಬಗ್ಗೆ ತಿಳಿಯೋಕೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಕೇಳಿ.

ಮುಂದಿನ ಸಲ ಊರಿಗೆ ಹೋದಾಗ

ನಮ್ಮಂಥವರು ದೂರದಲ್ಲಿ ಕೂತು ದುಡ್ಡು ಕಳಿಸ್ತೀವಿ. ಅದು ಬೇಕು. ಜೊತೆಗೆ ಇಷ್ಟು ಮಾಡಿ: ಐದಾರು ನೂರು ರೂಪಾಯಿಯ ಒಂದು ಮಲ್ಟಿಮೀಟರ್ ತಗೊಂಡು ಹೋಗಿ. ಬ್ಯಾಟರಿ ಲೇಬಲ್ ಫೋಟೋ ತೆಗೆಯಿರಿ. ಕುರ್ಚಿಯಲ್ಲಿ ಕೂರುವವರ ಕೈಗೇ ಮೀಟರ್ ಕೊಟ್ಟು ಓದೋದು ಹೇಳಿಕೊಡಿ. ಅವರಿಗೆ ಬೇಡ ಅನಿಸಿದರೆ ಮನೆಯಲ್ಲಿ ಇನ್ನೊಬ್ಬರಿಗೆ. ಹತ್ತಿರದ ಇನ್ವರ್ಟರ್ ಮೆಕ್ಯಾನಿಕ್ ನಂಬರ್ ಗೋಡೆಗೆ ಬರೆದು ಅಂಟಿಸಿ.

ಆಮೇಲೆ ಒಂದು ಪ್ರಶ್ನೆ ಕೇಳಿ: "ಇತ್ತೀಚೆಗೆ ಎಲ್ಲಿಗೆ ಹೋಗೋದು ಬಿಟ್ಟಿದ್ದೀರಿ?" ವಯಸ್ಸಾಯ್ತು, ಥಂಡಿ, ಬಿಸಿಲು, ಮನಸ್ಸಿಲ್ಲ ಅಂತ ಏನೇನೋ ಉತ್ತರ ಬರಬಹುದು. ಅದನ್ನ ಕೇಳಿಸಿಕೊಳ್ಳಿ, ಆದರೆ ಬ್ಯಾಟರಿ ವೋಲ್ಟೇಜನ್ನೂ ಒಂದು ಸಲ ನೋಡಿ.